ಕುರುಗೋಡಿನ ಚಾವಡಿಯಲ್ಲಿ ಹೇಳದೆ ಉಳಿದ ಹೆಸರು

ಅಥವಾ ಹುಲಿಗೆಮ್ಮ ಬಾಯಿ ತೆರೆದದ್ದನ್ನು ನಾನು ನೋಡಿಯೇ ಇಲ್ಲವೇನೋ. ಈ ಸಂಗತಿಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಕಂಡದ್ದು ಯಾವುದು, ಹೇಳಿ ಹೇಳಿ ಕಂಡಂತಾದದ್ದು ಯಾವುದು ಎಂದು ಈಗ ಬಿಡಿಸಲಾಗುತ್ತಿಲ್ಲ. ಇಸವಿ ಸಾವಿರದ ಒಂಬೈನೂರ ಐವತ್ತೋ ಐವತ್ತೊಂದೋ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು ಎಂಬುದು ಖಂಡಿತ. ನಾನು ಜಿಲ್ಲಾ ಕಚೇರಿಯಲ್ಲಿ ಗುಮಾಸ್ತ. ಪಾಸ್‌ಪೋರ್ಟ್ ಕೇಳಿದವರ ಊರಿಗೆ ಹೋಗಿ, ಅವರು ಹೇಳಿಕೊಂಡದ್ದು ನಿಜವೇ ಎಂದು ವಿಚಾರಿಸಿ ವರದಿ ಬರೆಯುವುದು ನನ್ನ ಪಾಲಿಗೆ ಬಂದಿದ್ದ ಕೆಲಸ. ನಮ್ಮ ಕಡೆ ಪಾಸ್‌ಪೋರ್ಟ್ ಕೇಳುವವರೇ ಅಪರೂಪ. ಹೆಂಗಸರಂತೂ ಇಲ್ಲವೆಂದೇ ಹೇಳಬೇಕು.

ಹುಲಿಗೆಮ್ಮ ಸಿರುಗುಪ್ಪದವಳು. ಅಕ್ಕಿ ಗಿರಣಿಯಲ್ಲಿ ಕೇರುವ ಕೆಲಸ. ಗಂಡ ದೊಡ್ಡಬಸಪ್ಪ ಕುರುಗೋಡಿನ ಕಲ್ಲುಕೆಲಸದವನು. ಗಿರಣಿಯ ಗೋಡೆ ಕಟ್ಟಲು ಬಂದವನು ಅವಳನ್ನು ಅಲ್ಲಿಯೇ ಮದುವೆಯಾಗಿ, ಕೆಲವು ತಿಂಗಳಲ್ಲೇ ಬೊಂಬಾಯಿಯಿಂದ ಹಡಗು ಹತ್ತಿ ಆಫ್ರಿಕಾದ ಮೊಂಬಾಸಾಕ್ಕೆ ಹೋಗಿದ್ದ. ವರ್ಷಗಳೇ ಕಳೆದ ಮೇಲೆ, ಹೆಂಡತಿ ಬರಬಹುದೆಂದು ಅಲ್ಲಿಂದ ಪರ್ಮಿಟ್ ಬಂದಿತ್ತು. ಅದಕ್ಕೊಂದು ಗಡುವು. ಅಷ್ಟರೊಳಗೆ ಪಾಸ್‌ಪೋರ್ಟ್ ಆಗದಿದ್ದರೆ ಮತ್ತೆ ಮೊದಲಿನಿಂದ ಶುರು, ಅದೂ ಸಿಕ್ಕರೆ.

ಗಿರಣಿಯ ಅಂಗಳದಲ್ಲಿ ಗಂಡನ ಹೆಸರು ಕೇಳಿದೆ. ಆಕೆ ನಕ್ಕಳು.

"ಅವರ ಹೆಸರು ನಾ ಹ್ಯಾಂಗ ಹೇಳ್ಲಿ ಸಾಮೀ? ನಿಮ್ಮ ಕಾಗದದಾಗ ಐತಲ್ಲ, ಓದ್ಕೋರಿ."

ಪಕ್ಕದಲ್ಲಿ ಮೊರ ಹಿಡಿದಿದ್ದವಳು ಬಾಯಿ ಹಾಕಿದಳು: "ಕುರುಗೋಡಿನ ಗುಡ್ಯಾಗ ಕುಂತ ದ್ಯಾವ್ರ ಹೆಸರ್ರಿ. ಇಕಿ ಆ ದ್ಯಾವ್ರಿಗೆ ಕೈ ಮುಗೀತಾಳ, ಹೆಸರು ಮಾತ್ರ ಹಿಡಿಯಂಗಿಲ್ಲ!" ಎಲ್ಲರೂ ನಕ್ಕರು.

ನನಗೆ ಇದು ಹೊಸದಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಎತ್ತುವುದಿಲ್ಲ. ಅಂಥಲ್ಲಿ ಗಂಡನ ಮನೆಯವರ ಹೇಳಿಕೆ ಪಡೆದು ಮುಂದುವರಿಯುತ್ತಿದ್ದೆವು. ಮದುವೆ ಮಾಡಿಸಿದ ಅವಳ ಸೋದರಮಾವನ ಹೇಳಿಕೆ ಬರೆದುಕೊಂಡು ಕುರುಗೋಡಿಗೆ ಹೋದೆ. ದೊಡ್ಡಬಸಪ್ಪನ ತಾಯಿ ಗೌರಮ್ಮ ಹೊಸ್ತಿಲು ದಾಟಲಿಲ್ಲ. "ನನ್ನ ಮಗಗ ಮದಿವಿನ ಆಗಿಲ್ಲ" ಅಂದಳು. ಊರ ಲೆಕ್ಕ ನೋಡುವ ಕರಣಂ ತೊಲೆ ನೋಡುತ್ತ, "ನಮ್ಮೂರಾಗ ಆದ ಮದಿವಿ ಅಲ್ಲ, ನಾವೇನು ಹೇಳಾಣ?" ಅಂದ. ಹೆತ್ತ ತಾಯಿಯೇ ಇಲ್ಲವೆಂದ ಮೇಲೆ ಸೋದರಮಾವನ ಮಾತು ಮೇಲಿನವರ ಮುಂದೆ ನಿಲ್ಲುತ್ತಿರಲಿಲ್ಲ. ಇಬ್ಬರು ಹೆಂಗಸರನ್ನೂ ಮುಖಾಮುಖಿ ಚಾವಡಿಗೆ ಕರೆಸಿದೆ.

ಗೌರಮ್ಮ ಗೋಡೆಗೆ ಮುಖ ಮಾಡಿ ಕೂತಳು.

"ಅತ್ತೀ, ನನ್ನ ಮಕ ನೋಡಿ ಹೇಳ್ರಿ" ಅಂದಳು ಹುಲಿಗೆಮ್ಮ.

"ಯಾರವ್ವ ನೀನು? ಸಿರುಗುಪ್ಪದಾಗ ಅತ್ತೆರು ಕಡಿಮಿ ಬಿದ್ದಾರೇನು?"

"ನಿಮ್ಮ ಕೈಯಾರ ನನಗ ಉಡಿ ತುಂಬೀರಿ."

"ಬಾಗಲಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ತುಂಬ್ತೀನಿ. ಎಲ್ಲಾರೂ ಸೊಸೆರಾಗ್ತಾರೇನು?"

ನನಗೆ ಬೇರೆ ದಾರಿ ಕಾಣಲಿಲ್ಲ. ಗಂಡನ ಹೆಸರು, ಮದುವೆಯ ವಿವರ ಎಲ್ಲವನ್ನೂ ನಿನ್ನ ಬಾಯಿಂದಲೇ ಹೇಳು, ಬರೆದುಕೊಂಡು ಮೇಲೆ ಕಳಿಸುತ್ತೇನೆ, ಆಮೇಲೆ ನಿನ್ನ ಅದೃಷ್ಟ ಎಂದೆ. ಹುಲಿಗೆಮ್ಮ ಸೆರಗು ಸರಿಮಾಡಿಕೊಂಡಳು.

"ಹೇಳ್ತೀನಿ. ಬರಕೋರಿ."

ಆಕೆಯ ತುಟಿ ಅಲುಗಿತು ಎಂದೇ ನಾನು ಹೇಳುತ್ತ ಬಂದಿದ್ದೇನೆ. ಅಲುಗಿತೋ ಇಲ್ಲವೋ, ಗೌರಮ್ಮ ಗೋಡೆ ಬಿಟ್ಟು ತಿರುಗಿದ್ದು ಮಾತ್ರ ನಿಜ.

"ಏ ಹುಚ್ಚಿ, ಬಾಯಿ ಮುಚ್ಚ! ಗಂಡನ ಹೆಸರು ಹಿಡೀತಿಯೇನ? ಕಡಲಾಚಿ ಅದಾನ ನನ್ನ ಮಗ, ಅವನ ಆಯುಷ್ಯ ಕಡಿಮಿ ಮಾಡ್ತಿಯೇನ?"

ತಾನು ಏನೆಂದೆ ಎಂಬುದು ಮುದುಕಿಗೆ ತಿಳಿಯಲು ಕೊಂಚ ಹೊತ್ತು ಹಿಡಿಯಿತು. ಕರಣಂ ಕೆಮ್ಮಿದ. "ಹಂಗಾದ್ರ ಬರಕೋರಿ ಸಾರ್."

"ಇಕಿ ಇಲ್ಲಿದ್ರ ಎಂದಾದ್ರೂ ಬರ್ತಾನಂತ ಇದ್ದೆ" ಅಂದಳು ಗೌರಮ್ಮ, ನನಗಲ್ಲ, ನೆಲಕ್ಕೆ. "ಇಕಿನೂ ಹೋದ್ರ ಇನ್ನ ಯಾರಿಗಂತ ಬರ್ತಾನ?"

"ನಾ ಕರಕೊಂಡು ಬರ್ತೀನಿ ಅತ್ತೀ."

"ಬರಂಗಿಲ್ಲ ನೀವು" ಎಂದವಳು ನನ್ನತ್ತ ಹೆಬ್ಬೆರಳು ಚಾಚಿದಳು. "ಎಲ್ಲಿ ಒತ್ತಬೇಕು, ತೋರ್ಸಪ್ಪ."

'ಅತ್ತೆ ಸಂಬಂಧವನ್ನು ಒಪ್ಪಿದ್ದಾಳೆ' ಎಂದು ವರದಿಯಲ್ಲಿ ಬರೆದೆ. ಹೇಗೆ ಒಪ್ಪಿದಳು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಅಂದಿನಿಂದ ವಿಚಾರಣೆಗೆ ಹೋದಲ್ಲೆಲ್ಲ ಪ್ರಶ್ನೆ ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದೆ. ಕೇಳಿದ್ದಕ್ಕೆ ಜನ ತಮಗೆ ಬೇಕಾದ ಉತ್ತರ ಕೊಡುತ್ತಾರೆ. ಅವರು ಯಾರ ಸಲುವಾಗಿ ಹೆದರುತ್ತಾರೆ ಎಂಬುದು ಕಾದರೆ ಮಾತ್ರ ಕಾಣುತ್ತದೆ.

ಹುಲಿಗೆಮ್ಮ ನಿಜವಾಗಿಯೂ ಹೆಸರು ಹೇಳುವವಳಿದ್ದಳೋ, ಅತ್ತೆ ತಡೆದೇ ತಡೆಯುತ್ತಾಳೆಂದು ತಿಳಿದೇ ಹಾಗೆ ಮಾಡಿದಳೋ, ಗೊತ್ತಿಲ್ಲ. ಗಡುವಿನೊಳಗೆ ಪಾಸ್‌ಪೋರ್ಟ್ ಬಂತು, ಆಕೆ ಹೋದಳು. ಗಂಡನನ್ನು ಕರೆದುಕೊಂಡು ಕುರುಗೋಡಿಗೆ ಎಂದಾದರೂ ಬಂದಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಅದನ್ನು ವಿಚಾರಿಸಿ ಬರಲು ಯಾರೂ ನನ್ನನ್ನು ಕಳಿಸಲಿಲ್ಲ.