ಭಾವನ ಇಂಜಿನ್ನೂ ಅಕ್ಕನ ಸ್ವಿಚ್ಚೂ

ನಮ್ಮ ಭಾವನಿಗೆ ಇಬ್ಬರು ಹೆಂಡಿರು ಎಂದು ನಾನು ಗೇಲಿ ಮಾಡುತ್ತಿದ್ದೆ. ಒಬ್ಬಳು ನನ್ನ ಅಕ್ಕ, ಇನ್ನೊಬ್ಬಳು ಶೆಡ್ಡಿನಲ್ಲಿದ್ದ ಓಬೀರಾಯನ ಕಾಲದ ವಿಮಾನದ ಇಂಜಿನ್. ಅಕ್ಕ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ನಿಂತಿತು.

ಭಾವ ಪಂಪ್ ರಿಪೇರಿ ಮಾಡಿ ಸಂಸಾರ ಸಾಕಿದವರು. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಆ ಇಂಜಿನ್ನನ್ನು ತಂದು, ವರ್ಷಗಟ್ಟಲೆ ತಿಕ್ಕಿ, ಸಿಗದ ಭಾಗಗಳನ್ನು ತಾವೇ ಮಾಡಿ ಜೀವ ಬರಿಸಿದರು. ಮಿಕ್ಕ ಇಂಜಿನ್ನುಗಳು ಕೂತಲ್ಲೇ ಕೂತು ಒಳಗಿನ ದಂಡ ತಿರುಗಿಸುತ್ತವೆ. ಇದರ ದಂಡವನ್ನು ಸ್ಟ್ಯಾಂಡಿಗೆ ಬಿಗಿದಿರುತ್ತಾರೆ. ಒಂಬತ್ತು ಸಿಲಿಂಡರುಗಳ ಇಡೀ ಇಂಜಿನ್ನೇ ಮುಂದಿನ ಮರದ ಫ್ಯಾನಿನ ಸಮೇತ ಗಿರಗಿರ ತಿರುಗುತ್ತದೆ. ಪೆಟ್ರೋಲಿನ ಜೊತೆ ಕುಡಿಯುವುದು ಹರಳೆಣ್ಣೆ, ಕುಡಿದದ್ದನ್ನೆಲ್ಲ ಎದುರಿದ್ದವರ ಮೇಲೆ ಉಗುಳುತ್ತದೆ. ಅದರ ಹೊಗೆ ಕುಡಿದ ದಿನ ಭಾವನ ಹೊಟ್ಟೆ ಕೆಟ್ಟು, ಕಕ್ಕಸಿನ ಬಾಗಿಲು ಬೇರೆ ಯಾರಿಗೂ ತೆರೆಯುತ್ತಿರಲಿಲ್ಲ.

ಅದರ ಸದ್ದಿಗೆ ಭಾವನ ಕಿವಿ ಮಂದವಾಯಿತು. ಅಲ್ಲಿಂದ ಸ್ವಿಚ್ಚಿನ ಹತ್ತಿರ ಅಕ್ಕನೇ ನಿಲ್ಲಬೇಕು. ಫ್ಯಾನ್ ಮುಟ್ಟುವ ಮೊದಲು ಭಾವ "ಆಫ್?" ಎಂದು ಕೂಗುತ್ತಿದ್ದರು. ಅಕ್ಕ ಅಂಗೈ ಎತ್ತಿ ತೋರಿಸಿದರೆ ಮಾತ್ರ ಮುಂದಿನ ಕೆಲಸ. ಬೇರೆ ಯಾರ ಕೈಯನ್ನೂ ಅವರು ನಂಬುತ್ತಿರಲಿಲ್ಲ.

ಒಂದು ಸಲ ಓಡಿಸಿದಾಗ ಬೋಲ್ಟೊಂದು ಕಿತ್ತು ಹಾರಿ, ಭಾವನ ತಲೆಯ ಪಕ್ಕದ ಗೋಡೆಯಲ್ಲಿ ಹೂತುಕೊಂಡಿತು. ಅವತ್ತಿನಿಂದ ಅಕ್ಕನಿಗೆ ಊಟ ಸೇರಲಿಲ್ಲ.

"ಇದು ಅವರನ್ನ ತಿಂದೇ ಬಿಡುತ್ತೆ ಕಣೆ," ಎನ್ನುತ್ತಿದ್ದಳು. ಬೇಡವೆಂದರೆ ಕೇಳುವ ಆಸಾಮಿಯೇ ನಮ್ಮ ಭಾವ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮುಂದಿನ ಭಾನುವಾರ ಇಂಜಿನ್ ನೋಡಲು ನೆರೆಹೊರೆಯವರು ಸೇರಿದ್ದರು. ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಸ್ವಿಚ್ಚಿನ ತಂತೀನ ಕತ್ತರಿಸಿಬಿಟ್ಟಿದೀನಿ. ಇವತ್ತು ತಿಪ್ಪರಲಾಗ ಹಾಕಿದ್ರೂ ಅದು ಶುರುವಾಗಲ್ಲ."

"ಒಳ್ಳೇದಾಯ್ತು ಬಿಡು," ಎಂದೆ.

ಪೆಟ್ರೋಲು ಸಿಲಿಂಡರಿಗೆ ಏರಲೆಂದು, ಸ್ವಿಚ್ ಆಫ್ ಇಟ್ಟು ಮೊದಲು ಫ್ಯಾನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸುವುದು ಪದ್ಧತಿ. ಭಾವ "ಆಫ್?" ಎಂದರು. ಅಕ್ಕ ಅಂಗೈ ಎತ್ತಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನೆಮ್ಮದಿ ಇತ್ತು. ಭಾವ ಫ್ಯಾನಿಗೆ ಕೈ ಹಾಕಿ, ಭುಜ ಕೊಟ್ಟು ಒತ್ತಿದರು.

ಮನೆಯ ದೀಪದ ತಂತಿ ಕತ್ತರಿಸಿದರೆ ದೀಪ ಆರುತ್ತದೆ. ಈ ಇಂಜಿನ್ನಿನ ಕಿಡಿ, ಕೈಯಲ್ಲಿ ತಿರುಗಿಸಿದರೂ ಸಾಕು, ಅದರೊಳಗೇ ಹುಟ್ಟುತ್ತದೆ. ಸ್ವಿಚ್ಚಿನ ತಂತಿ ಇರುವುದೇ ಆ ಕಿಡಿಯನ್ನು ಅಡಗಿಸಲು. ತಂತಿ ತುಂಡಾದರೆ ಇಂಜಿನ್ ಆಫ್ ಆಗುವುದೇ ಇಲ್ಲ. ಇದು ನಮಗೆ ಗೊತ್ತಾದದ್ದು ಆಮೇಲೆ.

ಢಬ್ ಎಂದಿತು. ಫ್ಯಾನ್ ಒಂದೇ ಸುತ್ತು ತಿರುಗಿ ನಿಂತಿತು. ಭಾವ ನೆಲದ ಮೇಲೆ ಬಿದ್ದಿದ್ದರು. ಅಕ್ಕ ಎತ್ತಿದ ಅಂಗೈಯನ್ನು ಇನ್ನೂ ಇಳಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಯ ಮೇಲಿನವರೆಗೆ ತೆಗೆದರು. ಎಚ್ಚರವಾದಾಗ ಭಾವನ ಕಣ್ಣು ಮೊದಲು ಅಕ್ಕನನ್ನೇ ಹುಡುಕಿತು.

"ಅಳಬೇಡ ಕಣೆ. ನೀನು ಆಫ್ ಮಾಡೇ ಇರ್ತೀಯ, ನಂಗೊತ್ತು. ತಂತೀನ ಇಲಿ ಕಡಿದಿರ್ಬೇಕು. ನಾನು ನೋಡ್ಕೋಬೇಕಿತ್ತು."

"ನಾನೇ ಕತ್ತರಿಸಿದ್ದು," ಎಂದಳು ಅಕ್ಕ. ಭಾವನ ಮಂದ ಕಿವಿಗೆ ಅದು ಮುಟ್ಟಲಿಲ್ಲ.

"ಏನಂದೆ?"

ಅಕ್ಕ ನನ್ನ ಮುಖ ನೋಡಿದಳು. ಅಯ್ಯೋ, ಆ ಕಣ್ಣುಗಳನ್ನು ನನ್ನಿಂದ ನೋಡಲಾಗಲಿಲ್ಲ. ಆಮೇಲೆ ಅವಳು ಗಂಡನ ಕಿವಿಯ ಹತ್ತಿರ ಬಗ್ಗಿ, ಇಡೀ ವಾರ್ಡಿಗೆ ಕೇಳುವ ಹಾಗೆ, "ಹೌದೂರೀ, ಇಲೀನೇ," ಎಂದಳು.