ಅತ್ತೆಗೆ ತೋರಿಸಿದ ನೆಬ್ಯುಲಾ

ನೆಬ್ಯುಲಾವನ್ನು ನೇರವಾಗಿ ನೋಡಬಾರದು. ಓರೆಗಣ್ಣಲ್ಲಿ ನೋಡಬೇಕು. ನಮ್ಮಂಥ ಹವ್ಯಾಸಿ ಆಕಾಶವೀಕ್ಷಕರಿಗೆ ಇದು ಮೊದಲ ಪಾಠ. ನಕ್ಷತ್ರಗಳ ನಡುವಿನ ಈ ಅನಿಲದ ಮೋಡದಂತೆ ತೀರಾ ಮಸುಕಾಗಿರುವುದು ಸ್ವಲ್ಪ ಪಕ್ಕಕ್ಕೆ ನೋಡಿದರಷ್ಟೇ ಕಾಣುತ್ತದೆ.

ಈ ಪಾಠವನ್ನು ಜನವರಿಯ ಒಂದು ಸಂಜೆ ಕೊತ್ತತ್ತಿಯ ಮನೆಯ ತಾರಸಿಯ ಮೇಲೆ ನನ್ನ ಅತ್ತೆಗೆ ಹೇಳಿಕೊಟ್ಟೆ.

"ಅಯ್ಯೋ, ಈ ವಯಸ್ನಲ್ಲಿ ನಾನ್ಯಾಕೆ ಓರೆಗಣ್ಣಲ್ಲಿ ನೋಡ್ಲಿ ಅಳಿಯಂದ್ರೇ? ಕಂಡೋರು ಏನಂದಾರು?" ಅಂದರು.

ಮಂಡ್ಯದಲ್ಲಿ ಈ ಹುಚ್ಚು ಹತ್ತಿಸಿಕೊಂಡವರು ನಾವು ನಾಲ್ಕೈದು ಮಂದಿ. ಟೌನಿನ ಲೈಟಿನಲ್ಲಿ ಚಂದ್ರ ಕಂಡರೇ ಹೆಚ್ಚು. ಹಾಗಾಗಿ ಅಮಾವಾಸ್ಯೆ ಹತ್ತಿರ ಬಂದರೆ ಟೆಲಿಸ್ಕೋಪ್ ಹೊತ್ತುಕೊಂಡು ಕತ್ತಲು ಹುಡುಕುತ್ತಾ ಹಳ್ಳಿಗೆ ಹೊರಡುತ್ತೇವೆ. (ಮದ್ದೂರಿನ ಹತ್ತಿರ ಒಮ್ಮೆ ಗದ್ದೆ ಬದಿಯಲ್ಲಿ ಸ್ಟ್ಯಾಂಡ್ ಹೂಡಿದ್ದೆವು. ರಸ್ತೆ ಅಗಲ ಮಾಡಲು ಅಳತೆಗೆ ಬಂದವರು ಅಂದುಕೊಂಡು ಊರವರು ಓಡಿಸಿಬಿಟ್ಟರು.)

ಕೊತ್ತತ್ತಿಯಲ್ಲಿ ಓಡಿಸುವವರಿಲ್ಲ. ಹೆಂಡತಿ ಸುಧಾಳ ತವರು. ಆದರೆ ಅತ್ತೆ ನೆಂಟರ ಮುಂದೆ ನನ್ನನ್ನು ಪರಿಚಯಿಸುವುದೇ ಹೀಗೆ: "ನಮ್ ಸುಧನ್ ಗಂಡ. ಒಳ್ಳೇರೆ. ಕತ್ಲಾದ್ರೆ ಮ್ಯಾಲ್ ನೋಡ್ಕಂಡ್ ನಿಂತ್ಕತಾರೆ, ಅಷ್ಟೇಯ."

ಆ 'ಅಷ್ಟೇಯ' ಎಷ್ಟು ಚುಚ್ಚುತ್ತದೆ ಗೊತ್ತಾ? ಅದನ್ನು ಅವರ ಬಾಯಿಂದ ಅಳಿಸಲೇಬೇಕೆಂದು ಹಟ ಹಿಡಿದು, ಅವತ್ತು ಅವರನ್ನು ಟೆಲಿಸ್ಕೋಪಿನ ಮುಂದೆ ಕೂರಿಸಿದ್ದೆ. ಓರಿಯನ್ ನೆಬ್ಯುಲಾ. ಸಾಲಾಗಿರುವ ಮೂರು ನಕ್ಷತ್ರಗಳ ಕೆಳಗೆ ಮಂಜಿನಂಥ ಬೆಳಕು. "ಅತ್ತೆ, ಅಲ್ಲಿ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಈ ಬೆಳಕು ಅಲ್ಲಿಂದ ಹೊರಟು ಸಾವಿರ ವರ್ಷದ ಮೇಲಾಯಿತು" ಎಂದೆ. ದನಿಯೂ ಸ್ವಲ್ಪ ನಡುಗಿತು. (ಪ್ರಾಕ್ಟೀಸ್ ಮಾಡಿದ್ದೆ.)

ಅತ್ತೆ ನೋಡಿದರು. ಇನ್ನೊಮ್ಮೆ ನೋಡಿದರು.

"ಇದಾ? ಇದ್ಕೆ ಮಿಸನ್ ಯಾಕೆ? ನಂಗೆ ಬೀದಿ ಲೈಟ್ ನೋಡಿದ್ರೂ ಇಂಗೇ ಮಂಜ್ ಮಂಜಾಗ್ ಕಾಣ್ತದೆ."

ನನಗೆ ಕೋಪ ಬಂತು. ಸಾವಿರ ವರ್ಷ ಪ್ರಯಾಣ ಮಾಡಿ ಬಂದ ಬೆಳಕನ್ನು ಬೀದಿ ಲೈಟಿಗೆ ಹೋಲಿಸುವುದೇ? ಫೋಕಸ್ ತಿರುಗಿಸುತ್ತಾ, ಎರಡಕ್ಕೂ ಇರುವ ವ್ಯತ್ಯಾಸವನ್ನು ವಿವರಿಸತೊಡಗಿದೆ.

"ರೀ, ಸ್ವಲ್ಪ ಬಾಯಿ ಮುಚ್ಚಿ" ಅಂದಳು ಪಕ್ಕದಲ್ಲೇ ನಿಂತಿದ್ದ ಸುಧಾ. "ಅಮ್ಮಾ, ಯಾವಾಗಿಂದ ಹಂಗೆ ಕಾಣ್ತಾ ಅದೆ?"

"ದೀಪಾವಳಿಗೂ ಮುಂಚಿಂದ್ಲೂವೆ ಕಣವ್ವ. ಯೋಳುದ್ರೆ ಕಣ್ಣಿಗೆ ಕತ್ರಿ ಆಕುಸ್ತೀರಾ ಅಂತ ಸುಮ್ಕಿದ್ದೆ."

ನಾನು ಫೋಕಸ್ ಬಿಟ್ಟೆ. ಪ್ರತಿ ತಿಂಗಳೂ ಇದೇ ತಾರಸಿಗೆ ಬರುತ್ತಿದ್ದೆ. ಅವರು ಗೋಡೆ ಹಿಡಿದು ಮೆಟ್ಟಿಲು ಹತ್ತಿ ಕಾಫಿ ತಂದುಕೊಡುತ್ತಿದ್ದರು. ಲೋಟ ಇಸಿದುಕೊಂಡು ಗ್ಯಾಲಕ್ಸಿ ನೋಡುತ್ತಿದ್ದೆ. ನಿಜಕ್ಕೂ ನಾಚಿಕೆಯಾಯಿತು.

ಮಂಡ್ಯದ ಕಣ್ಣಿನ ಡಾಕ್ಟರು ಪೊರೆ ಬಂದಿದೆ, ಇನ್ನು ತಡ ಮಾಡಬೇಡಿ ಅಂದರು. ಆಪರೇಷನ್ನಿನ ಹಿಂದಿನ ದಿನವೆಲ್ಲ ಅತ್ತೆ ಅತ್ತರು. ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು.

ಆಮೇಲೆ ನೋಡಿ ನನ್ನ ದರ್ಬಾರು! "ಅಳಿಯಂದ್ರ ಮಿಸನ್ನಲ್ಲಿ ನೋಡಿದ್ಕೇ ಗೊತ್ತಾಗಿದ್ದು" ಎಂದು ಅತ್ತೆ ಊರಿಗೆಲ್ಲ ಸಾರಿದರು. ಮುಂದಿನ ಅಮಾವಾಸ್ಯೆಗೆ ಹೋದರೆ ಪಕ್ಕದ ಮನೆಯ ಅಜ್ಜ, "ನಂದೂ ಒಸಿ ನೋಡ್ಬುಡಿ ಸಾಮಿ" ಅಂತ ಕಣ್ಣರಳಿಸಿಕೊಂಡು ಕೂತಿದ್ದರು. ಪತ್ತೆ ಹಚ್ಚಿದ್ದು ಸುಧಾ. ಆದರೆ ತಾನಾಗಿ ಬಂದ ಕೀರ್ತಿಯನ್ನು ಬೇಡ ಅನ್ನಲು ನನಗೇನು ಹುಚ್ಚೇ?

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹೊಸ ಕಣ್ಣಿಗೆ ನೆಬ್ಯುಲಾ ತೋರಿಸಿಯೇ ಸಿದ್ಧ ಎಂದು ಮಾರ್ಚಿನಲ್ಲಿ ಮತ್ತೆ ಅವರನ್ನು ತಾರಸಿಗೆ ಹತ್ತಿಸಿದೆ.

"ನಕ್ಸತ್ರ ಎಲ್ಲಾ ಬೋ ಚೆನ್ನಾಗ್ ಕಾಣ್ತವೆ" ಅಂದರು. ನಾನು ಉಬ್ಬಿದೆ. "ಆದ್ರೆ ನಡುವ್ಕೆ ಇನ್ನೂ ಮಂಜ್ ಮಂಜಾಗೇ ಅದೆಯಲ್ಲ?"

"ಅತ್ತೆ, ಅದು ಇರೋದೇ ಹಾಗೆ."

ಅತ್ತೆ ಟೆಲಿಸ್ಕೋಪಿನ ಮೈ ಸವರಿದರು. ನನ್ನನ್ನು ನೋಡಿದ ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು. "ನಂಗೂ ಅಂಗೇ ಅನ್ನುಸ್ತಿತ್ತು ಅಳಿಯಂದ್ರೇ. ಎದ್ರುಕೊಬ್ಯಾಡಿ, ಒಸಿನೂ ನೋವಾಗಕ್ಕಿಲ್ಲ. ಇದ್ಕೂ ಒಂದ್ಸಲ ಆಪ್ರೇಸನ್ ಮಾಡುಸ್ಬುಡಿ."

ಸುಧಾ ನಗುತ್ತಾ ಕೆಳಗಿಳಿದು ಹೋದಳು.

ಈಗ ನೆಂಟರ ಮುಂದೆ ನನ್ನ ಪರಿಚಯ ಬದಲಾಗಿದೆ: "ನಮ್ ಸುಧನ್ ಗಂಡ. ಬೋ ಒಳ್ಳೇರು. ಅವ್ರ ಮಿಸನ್ಗೆ ಪೊರೆ ಬಂದದೆ, ಅಷ್ಟೇಯ."