ಕರಿಹೊಗೆಯ ವ್ಯಾಗನ್ನು

ಅತಿಯಾಗಿ ಉಂಡು ಅವಸ್ಥೆಪಡುವುದು ಮನುಷ್ಯರಿಗೆ, ಅದರಲ್ಲೂ ನನ್ನಂಥ ಲಂಬೋದರರಿಗೆ ಮಾತ್ರ ಮೀಸಲಾದ ಸೌಭಾಗ್ಯವೆಂದು ನಾನು ನಂಬಿದ್ದೆ. ಇಂಜಿನ್ನಿಗೂ ಆ ವ್ಯಾಧಿ ತಗಲುತ್ತದೆಂದು ತಿಳಿದದ್ದು ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ನಮ್ಮ ಸ್ಟೇಷನ್ ವ್ಯಾಗನ್ ಕರಿಹೊಗೆ ಕಾರತೊಡಗಿದಾಗ. ಪೆಟ್ರೋಲು ಹೆಚ್ಚಾಗಿ ಗಾಳಿ ಕಡಿಮೆಯಾದರೆ ಇಂಜಿನ್ನು ಉಂಡದ್ದನ್ನು ಅರಗಿಸಿಕೊಳ್ಳಲಾರದು. ಪ್ಲಗ್ಗುಗಳಿಗೆ ಮಸಿ ಮೆತ್ತಿಕೊಂಡು, ಏರು ಬಂದಲ್ಲಿ ಕೆಮ್ಮಿ ನಿಂತುಬಿಡುತ್ತದೆ.

ವ್ಯಾಗನ್ನು ಸಾಮಾನ್ಯದ್ದಲ್ಲ. ಜೀಪಿನ ಎದೆಗಾರಿಕೆ, ಮೋಟಾರಿನ ಒಯ್ಯಾರ, ಮಖಮಲ್ಲಿನ ಸೀಟು, ಕಿಟಕಿಗಳಿಗೆ ಪರದೆ; ಯಾವುದೋ ಜಹಗೀರದಾರರ ಬಾಗಿಲಲ್ಲಿ ಮೆರೆದು, ಮುಪ್ಪಿನಲ್ಲಿ ವಿಜಾಪುರದ ನಮ್ಮ ಓಣಿಗೆ ಬಂದಿತ್ತು. ಅದನ್ನು ತಂದವನು ನಾನು, ಓಡಿಸಲು ಛಲ ತೊಟ್ಟವಳು ನನ್ನ ಹೆಂಡತಿ ಗಿರಿಜೆ. ಅವಳು ಟಿಕೋಟಾದ ಶಾಲೆಯೊಂದರಲ್ಲಿ ಮಾಸ್ತರಿಣಿ. ಬೆಳಗಿನ ಬಸ್ಸು ಅಲ್ಲಿ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಬಹಳ ದಿನ ಸಹಿಸಿದ ಹೆಡ್‌ಮಾಸ್ತರರು ಕಡೆಗೆ, “ವ್ಯಾಳ್ಯಾಕ್ಕ ಬರ್ರಿ ಬಾಯಾರ, ಇಲ್ಲಾ ನೌಕರಿ ಬಿಡ್ರಿ” ಎಂದಿದ್ದರು. ನಾನು ಕರೆದೊಯ್ಯೋಣವೆಂದರೆ ನನಗೂ ಬೆಳಿಗ್ಗೆಯೇ ಕಾಲೇಜು. ಮೇಲಾಗಿ ಗೇರು ಬದಲಿಸುವಾಗಲೆಲ್ಲ ಕುಲದೇವರನ್ನು ನೆನೆಯುವ ಚಾಲಕ ನಾನು. ಹೀಗಾಗಿ ಅವಳೇ ಕಲಿತಳು. ಆದರೆ ಲೈಸೆನ್ಸಿನ ಪರೀಕ್ಷೆಯ ದಿನ ವ್ಯಾಗನ್ನು ಏರಿನಲ್ಲಿ ಹೊಗೆ ಬಿಟ್ಟು ನಿಂತಿತು. ಮುಂದಿನ ಸೋಮವಾರ ಇನ್ನೊಂದು ಅವಕಾಶ. ಅದೂ ತಪ್ಪಿದರೆ ನೌಕರಿ ಹೋದಂತೆಯೇ.

ಮನೆಯಲ್ಲಿ ಅವ್ವ ಇದ್ದಳು. ಸೊಸೆ ಸ್ಟೀರಿಂಗ್ ಹಿಡಿದ ದಿನದಿಂದ ಆ ವಿಷಯದಲ್ಲಿ ಅವಳು ತುಟಿ ಬಿಚ್ಚಿರಲಿಲ್ಲ. ಇದು ಅವಳ ಮನಸ್ಸಿಗೆ ಬಂದಿಲ್ಲವೆಂದೇ ನಾವಿಬ್ಬರೂ ತಿಳಿದು, ಅವಳೆದುರು ವ್ಯಾಗನ್ನಿನ ಹೆಸರೆತ್ತದೆ ಸಂಸಾರ ನಡೆಸಿದ್ದೆವು.

ದಸ್ತಗೀರ್ ಮಿಸ್ತ್ರಿ ಕಾರ್ಬುರೇಟರನ್ನು ಬಿಚ್ಚಿ ತೊಳೆದ, ತಿರುಪುಗಳನ್ನು ತಿರುವಿದ. ಅವನ ಅಂಗಡಿಯಲ್ಲಿ ಇಂಜಿನ್ನು ಸಾಧುವಿನಂತೆ ಓಡಿತು. “ಇನ್ನ ಚಿಂತಿ ಬಿಡ್ರಿ ಸರ” ಎಂದು ಎಲ್ಲವನ್ನೂ ಜೋಡಿಸಿ ಕಳಿಸಿದ. ಗಿರಿಜೆ ಅಭ್ಯಾಸಕ್ಕೆಂದು ಬಬಲೇಶ್ವರದ ರಸ್ತೆಗೆ ತಂದದ್ದೇ ತಡ, ಹಿಂದೆ ಮತ್ತೆ ಕರಿಮೋಡ. ಕುರಿ ಕಾಯುತ್ತಿದ್ದ ಮುದುಕನೊಬ್ಬ ಓಡಿಬಂದು, “ಯಕ್ಕಾ, ಗಾಡಿಗೆ ಬೆಂಕಿ ಹತ್ತೇತೇನ್ರಿ? ಇಳೀರಿ ಮದ್ಲ!” ಎಂದು ಕೂಗಿದ. ಪರೀಕ್ಷೆಯನ್ನು ಮುಂದಿನ ತಿಂಗಳಿಗೆ ಹಾಕಿಸೋಣವೇ ಎಂದು ನಾನು ಮೆಲ್ಲಗೆ ಕೇಳಿದೆ.

“ಏನರ ಆಗ್ಲಿ, ನಾ ಸೋಮವಾರನ ಹೋಗಾಕಿ” ಎಂದಳು ಗಿರಿಜೆ.

ರವಿವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ ಬಾನೆಟ್ಟಿಗೆ ತಲೆ ಹಾಕಿದಳು. ಗಾಳಿ ತರುವ ರಬ್ಬರ್ ಪೈಪನ್ನು ಕಾರ್ಬುರೇಟರಿನಿಂದ ಬಿಡಿಸಿದಳು, ಹೊಗೆಯಿಲ್ಲ. ಜೋಡಿಸಿದಳು, ಹೊಗೆ. ಮತ್ತೊಮ್ಮೆ ಬಿಡಿಸಿ, ಮತ್ತೊಮ್ಮೆ ಜೋಡಿಸಿ ಕಣ್ಣರಳಿಸಿದಳು. “ಮಿಸ್ತ್ರಿ ಅಂಗಡ್ಯಾಗ ಪೈಪ್ ತಗದ ಇಂಜಿನ್ ಓಡಿಸ್ಯಾನ್ರಿ. ಪೆಟ್ರೋಲ್ ಹೆಚ್ಚಾಗಿಲ್ಲ, ಗಾಳಿ ಬರೂ ಹಾದ್ಯಾಗ ಏನೋ ಅಡ್ಡ ಐತಿ!” ಪೈಪಿನ ಇನ್ನೊಂದು ತುದಿಯಲ್ಲಿ, ಮೂಲೆಯಲ್ಲಿ ಕುಳಿತ ಗಾಳಿಯ ಡಬ್ಬಿಯ ಬಾಯಿಯನ್ನು ತಡವಿದಳು. ಕಬ್ಬಿಣದ್ದೇ ಬಣ್ಣಕ್ಕೆ ತಿರುಗಿದ್ದ ಬಟ್ಟೆಯೊಂದು ಉಗುರಿಗೆ ಸಿಕ್ಕಿತು. ನಾಲ್ಕು ಮಡಿಕೆ, ಮೇಲೆ ದಾರದ ಬಿಗಿ ಗಂಟು. ಕೊಡದ ಬಾಯಿಗೆ ನೀರು ಸೋಸಲು ಕಟ್ಟುತ್ತಾರಲ್ಲ, ಥೇಟು ಹಾಗೆಯೇ. ಕೊಡವಿದಾಗ ಕರಿಮಣ್ಣಿನ ಧೂಳಿನೊಳಗಿಂದ ಅವ್ವನ ಹಳೆಯ ಇಳಕಲ್ ಸೀರೆಯ ಅಂಚು ಹೊರಬಂತು.

ಅವ್ವ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು.

“ಯಾಕ, ಬಿಚ್ಚಿದ್ರೇನು? ಗಾಡಿ ತಂದ ದಿನ ಇದು ಇಂಜಿನ್ನಿನ ಮೂಗು ಅಂತ ನೀನ ತೋರಿಸಿದ್ದೆಲ್ಲೋ. ಕುಡಿಯೂ ನೀರು ಸೋಸ್ತೀವಿ, ಅದೂ ಧೂಳಾ ಸೋಸಿ ಉಸರು ತಗೋಲಿ ಅಂತ ಈಕಿ ಗಾಡಿ ಹತ್ತಿದ ದಿನಾನ ಕಟ್ಟೀನಿ. ಮುಂದ ದಿನಾ ಒಬ್ಬಾಕಿನ ಟಿಕೋಟಾಕ್ಕ ಹೋಗಾಕಿ, ನಡುದಾರ್ಯಾಗ ಕೆಟ್ಟ ನಿಂತ್ರ ಹೆಂಗ?”

ಅತಿಯಾದ ಅಕ್ಕರೆಯೂ ಉಸಿರು ಕಟ್ಟಿಸುತ್ತದೆ ಎಂಬರ್ಥದ ಸೂಕ್ತಿಯೊಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಗಿರಿಜೆಯ ಕಣ್ಣಲ್ಲಿ ನೀರು ಕಂಡು ನುಂಗಿಕೊಂಡೆ. ಪರೀಕ್ಷೆ ಪಾಸಾಗುತ್ತದೋ ಇಲ್ಲವೋ ಎಂದು ನಾವು ತಲೆ ಕೆಡಿಸಿಕೊಂಡಿದ್ದಾಗ, ಸೊಸೆ ಒಬ್ಬಳೇ ಟಿಕೋಟಾಕ್ಕೆ ಹೋಗಿಯೇ ಹೋಗುತ್ತಾಳೆಂದು ಆ ಮನೆಯಲ್ಲಿ ಮೊದಲು ನಂಬಿದವಳು ಅವ್ವ. ಗಿರಿಜೆ ಅತ್ತೆಯ ಹತ್ತಿರ ಕುಳಿತು, ಮೂಗಿನೊಳಗೆ ಸೋಸುವ ಏರ್ಪಾಡು ಮೊದಲೇ ಇದೆಯೆಂದು ತಿಳಿಸಿ ಹೇಳಿದಳು. ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ ತಂದು, ಅಲ್ಲೇ ಕೂತು ಮಸಿಯನ್ನು ತಿಕ್ಕಿ ತೆಗೆದಳು.

ಸೋಮವಾರ ವ್ಯಾಗನ್ನು ಏರನ್ನು ಒಂದೇ ಉಸಿರಿಗೆ ಹತ್ತಿತು. ಲೈಸೆನ್ಸು ಸಿಕ್ಕಿತೆಂದು ಹೇಳಲು ನಾವು ಮನೆಯ ಮುಂದೆ ಬಂದು ನಿಂತರೆ, ಅವ್ವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಕಾದಿದ್ದಳು. ನನ್ನನ್ನು ಎಬ್ಬಿಸಿ ಹಿಂದಿನ ಸೀಟಿಗೆ ಅಟ್ಟಿ, ಸೊಸೆಯ ಪಕ್ಕದಲ್ಲಿ ಕುಳಿತು ಸೆರಗು ಸರಿಮಾಡಿಕೊಂಡಳು.

“ಹೊಡಿ ಬೇ ಗಿರಿಜಾ. ಓಣಿ ತುಂಬ ಒಂದ ಸುತ್ತ ಹಾಕು. ಸಾವಕಾಶ ಹೊಡಿ, ಎಲ್ಲಾರೂ ನೋಡ್ಲಿ.”